ತಾಯಿಯನ್ನು ದೂರುವ ಮುನ್ನ

ತಲೆ ಚಿಕ್ಕದಾದ, ಕಣ್ಣು ಮಂಜಾದ ಅಥವಾ ಕಿವಿ ಕೇಳಿಸದ ಕೂಸು ಹುಟ್ಟಿದಾಗ ನಮ್ಮ ಹಳ್ಳಿಗಳಲ್ಲಿ ಬೆರಳು ಮೊದಲು ತಿರುಗುವುದು ತಾಯಿಯ ಕಡೆಗೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಆಕೆಯ ಪ್ರಾರಬ್ಧವೇ ಹಾಗಿತ್ತು ಎಂಬ ಮಾತು ಹರಡುತ್ತದೆ. ಸದ್ಭಕ್ತರು ಇನ್ನಾದರೂ ಈ ಮಾತನ್ನು ಬಿಡಬೇಕು. ಇಂಥ ನ್ಯೂನತೆಗಳಲ್ಲಿ ಕೆಲವಕ್ಕೆ ಕಣ್ಣಿಗೆ ಕಾಣದ ವೈರಾಣುಗಳು ಕಾರಣವೆಂಬುದು ಸಿದ್ಧವಾಗಿದೆ; ಅವುಗಳಲ್ಲೊಂದನ್ನು ತಡೆಯುವ ಲಸಿಕೆಯೂ ನಮ್ಮಲ್ಲಿದೆ.

ಗರ್ಭಸ್ಥ ಶಿಶುವಿನ ಮೆದುಳು ಮೂಲಕೋಶಗಳಿಂದ ಬೆಳೆಯುತ್ತದೆ. ಆ ಕೋಶಗಳೊಳಗಿನ ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿ, ಯಾವುದು ಎಂದು ಕೆಲಸಕ್ಕೆ ತೊಡಗಬೇಕು, ಯಾವುದು ಸುಮ್ಮನಿರಬೇಕು ಎಂಬುದಕ್ಕೆ ಒಂದು ಕ್ರಮವಿದೆ. ನವಲಗುಂದದ ಜಮಖಾನ ನೇಯುವಾಗ ಆರಂಭದಲ್ಲಿಯೇ ಎಳೆಯ ಲೆಕ್ಕ ತಪ್ಪಿದರೆ ಮುಂದಿನ ಚಿತ್ತಾರವೂ ಕೆಡುವಂತೆ, ಈ ಕ್ರಮ ಮೊದಲಲ್ಲಿ ತಪ್ಪಿದರೆ ಮೆದುಳಿನ ಮುಂದಿನ ಬೆಳವಣಿಗೆಗೂ ಧಕ್ಕೆಯಾಗುತ್ತದೆ.

2015ರಲ್ಲಿ ಬ್ರೆಜಿಲ್ ದೇಶದಲ್ಲಿ ಝಿಕಾ ವೈರಾಣು ಹರಡಿ, ಚಿಕ್ಕ ತಲೆಯ ಶಿಶುಗಳು ಹೆಚ್ಚಾಗಿ ಜನಿಸಿದವು. ಮರುವರ್ಷ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವ ಮೆದುಳಿನ ಮೂಲಕೋಶಗಳಿಗೆ ಈ ಸೋಂಕನ್ನು ತಗುಲಿಸಿದಾಗ, ಕೋಶವಿಭಜನೆಗೆ ಬೇಕಾದ ಅನೇಕ ಜೀನ್‌ಗಳ ಕೆಲಸ ಕುಂದಿ, ಕೋಶದ ಸಾವಿಗೆ ಸಂಬಂಧಿಸಿದ ಜೀನ್‌ಗಳ ಕೆಲಸ ಹೆಚ್ಚಿದ್ದು ಕಂಡುಬಂದಿತು. ಬ್ರೆಜಿಲ್ ದೂರವೆಂದು ನಾವು ಸುಮ್ಮನಿರುವಂತಿಲ್ಲ. 2022ರ ಡಿಸೆಂಬರಿನಲ್ಲಿ ನಮ್ಮದೇ ರಾಯಚೂರು ಜಿಲ್ಲೆಯಲ್ಲಿ ಒಂದು ಮಗುವಿನಲ್ಲಿ ಝಿಕಾ ದೃಢಪಟ್ಟಿತು. ಡೆಂಗ್ಯೂ ಹರಡುವ, ಹಗಲಿನಲ್ಲಿ ಕಚ್ಚುವ ಸೊಳ್ಳೆಯೇ ಇದನ್ನೂ ಹರಡುತ್ತದೆ. ನೀರಿನ ಅಭಾವದಿಂದ ಹರವಿ, ಹಂಡೆ, ಬ್ಯಾರಲ್ಲುಗಳಲ್ಲಿ ದಿನಗಟ್ಟಲೆ ನೀರು ಹಿಡಿದಿಡುವ ನಮ್ಮ ಸೀಮೆಯಲ್ಲಿ ಅದಕ್ಕೆ ಆಸರೆ ಸುಲಭ. ಆದುದರಿಂದ ವಾರಕ್ಕೊಮ್ಮೆ ಅವನ್ನೂ ದನಗಳ ಕಲ್ಲುದೋಣಿಯನ್ನೂ ಬರಿದು ಮಾಡಿ ತಿಕ್ಕಿ ತೊಳೆಯುವುದು, ಬಾಯಿ ಮುಚ್ಚಿಡುವುದು ಬಸುರಿಯ ರಕ್ಷಣೆಯೂ ಹೌದು.

ಝಿಕಾಕ್ಕೆ ಬಳಕೆಯಲ್ಲಿರುವ ಲಸಿಕೆಯಿಲ್ಲ, ರುಬೆಲ್ಲಾಕ್ಕೆ ಇದೆ. ತಾಯಿಗೆ ಸಣ್ಣ ಜ್ವರ, ಮೈಮೇಲೆ ಗಂಧೆಯಷ್ಟೇ ತೋರುವ ಈ ಸೋಂಕು ಬಸಿರಿನ ಮೊದಲ ಮೂರು ತಿಂಗಳಲ್ಲಿ ತಗುಲಿದರೆ ಶಿಶುವಿನ ಕಣ್ಣು, ಕಿವಿ, ಹೃದಯ, ಮೆದುಳುಗಳನ್ನು ಕೆಡಿಸಬಲ್ಲದು. ಇದನ್ನು 1941ರಲ್ಲಿಯೇ ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಗುರುತಿಸಿದ್ದರು. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದುದು 2017ರ ಫೆಬ್ರುವರಿಯಲ್ಲಿ. ಅದೂ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ. ಆಗ 15 ದಾಟಿದ್ದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ನಮ್ಮ ಮನೆಗಳ ಸೊಸೆಯಂದಿರು. ಅವರ ಬಗ್ಗೆ ಯಾರೂ ಕೇಳುತ್ತಿಲ್ಲ.

ಬಸುರಿಗೆ ಈ ಲಸಿಕೆಯನ್ನು ಕೊಡುವಂತಿಲ್ಲ. ಪಡೆದ ಮೇಲೆಯೂ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ಆದುದರಿಂದ ವಿಚಾರ ಮಾಡಬೇಕಾದುದು ಮದುವೆಯ ಹೊತ್ತಿನಲ್ಲಿಯೇ. ಜವಳಿ, ಬಂಗಾರಗಳಿಗೆ ಲಕ್ಷಗಟ್ಟಲೆ ವ್ಯಯಿಸುವ ಬೀಗರು ವೈದ್ಯರಲ್ಲಿ ಈ ಒಂದು ಪ್ರಶ್ನೆ ಕೇಳಲು ಏಕೆ ಸಂಕೋಚಪಡಬೇಕು? ಸರಕಾರವೂ ಲಸಿಕೆ ತಪ್ಪಿದ ಯುವತಿಯರಿಗೆ ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಒದಗಿಸಬೇಕು. ಅತ್ತೆ-ಮಾವಂದಿರು ಸೊಸೆಗೆ ತೋರುವ ಅಂತಃಕರಣ ಕೂಸು ಹುಟ್ಟಿದ ಮೇಲಲ್ಲ, ಬಸಿರಿಗೆ ಮೊದಲೇ ಕಾಣಿಸಲಿ.