ಹುಲಿ ಕಾಣದಿದ್ದರೂ ಸಫರ್ ಸಫಲ



ಬೀದರ್ ಬಸ್ ನಿಲ್ದಾಣದಲ್ಲಿ ‘ಸಫರ್’ ಎಂದರೇನು ಎಂದು ಯಾರನ್ನು ಕೇಳಿದರೂ ‘ಪ್ರಯಾಣ’ ಎನ್ನುತ್ತಾರೆ. ನಮ್ಮ ಊರಿನ ಉರ್ದು ಮಾತಿನಲ್ಲಿ ಕೇಳುತ್ತಲೇ ಇರುವ ಪದ ಅದು. ಅರಬ್ಬಿಯ ಇದೇ ಪದ ಪೂರ್ವ ಆಫ್ರಿಕಕ್ಕೆ ಹೋಗಿ ಸ್ವಾಹಿಲಿ ಭಾಷೆಯಲ್ಲಿ ‘ಸಫಾರಿ’ ಆಯಿತು. ಅಲ್ಲಿಯೂ ಅದರ ಅರ್ಥ ಪ್ರಯಾಣವೇ. ಜೀಪಿನಲ್ಲಿ ಕೂತು ಕಾಡುಪ್ರಾಣಿ ನೋಡುವುದು ಎಂಬ ಅರ್ಥ ಬಂದದ್ದು ಆಮೇಲೆ.

ರಜೆ ಹತ್ತಿರ ಬಂದರೆ ಮನೆಯಲ್ಲಿ ಎರಡು ಪಕ್ಷ. ಒಬ್ಬರಿಗೆ ಸಫಾರಿ ಬೇಕು, ಇನ್ನೊಬ್ಬರಿಗೆ ಸಮುದ್ರ ಬೇಕು. ಕರ್ನಾಟಕದ ನಕಾಶೆಯ ನೆತ್ತಿಯ ಮೇಲಿರುವ ಔರಾದ್, ಭಾಲ್ಕಿಯವರಿಗೆ ದಟ್ಟ ಕಾಡೂ ದೂರ, ಸಮುದ್ರವೂ ದೂರ. ಆದರೆ ಎರಡನ್ನೂ ಒಂದೇ ದಾರಿಯಲ್ಲಿ ತೋರಿಸುವ ನದಿಯೊಂದಿದೆ. ಅದು ಉತ್ತರ ಕನ್ನಡ ಜಿಲ್ಲೆಯ ಕಾಳಿ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ದಾಂಡೇಲಿಯ ಕಾಡು ಸುತ್ತಿ, ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಬೀದರ್‌ನಿಂದ ಕಲಬುರಗಿ, ವಿಜಯಪುರ, ಹುಬ್ಬಳ್ಳಿ ದಾಟಿ ದಾಂಡೇಲಿಗೆ ಐನೂರು ಕಿ.ಮೀ.ಗೂ ಹೆಚ್ಚು ದಾರಿ. ಹಿರಿಯರು ಜೊತೆಗಿದ್ದರೆ ನಡುವೆ ಒಂದು ರಾತ್ರಿ ತಂಗುವುದು ಒಳ್ಳೆಯದು.

ದಾಂಡೇಲಿಯಲ್ಲಿ ಕಾಡಿನ ವಸತಿಧಾಮಗಳು ಬಹಳ. ರಾಜ್ಯ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆಯದೂ ಅಲ್ಲೊಂದಿದೆ. ಈ ಸಂಸ್ಥೆ ಶುರುವಾದದ್ದು 1980ರಲ್ಲಿ. ಅದರ ಮೊದಲ ವಸತಿಧಾಮ ಕಬಿನಿಯ ದಡದ ಕಾರಾಪುರದಲ್ಲಿ, ಮೈಸೂರು ಮಹಾರಾಜರ ಹಳೆಯ ಬೇಟೆ ಬಂಗಲೆಯಲ್ಲಿ. ನೋಡಿ, ಬಂದೂಕು ಹಿಡಿದು ಹೊರಡುತ್ತಿದ್ದ ಜಾಗದಿಂದ ಈಗ ಕ್ಯಾಮೆರಾ ಹಿಡಿದು ಹೊರಡುತ್ತಾರೆ. ನಡುವೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು.

ಇಂಥ ವಸತಿಗೆ ಬಾಡಿಗೆ ಸಾಮಾನ್ಯವಾಗಿ ತಲೆಗೆ ಇಷ್ಟು ಎಂಬ ಲೆಕ್ಕ. ಊಟ, ತಿಂಡಿ, ಸಫಾರಿ ಅದರಲ್ಲೇ ಸೇರಿರುವುದು ಹೆಚ್ಚು. ದುಬಾರಿಯೇ. ಅದಕ್ಕೇ ಮೊಮ್ಮಕ್ಕಳು ಕೇಳುವ ಪ್ರಶ್ನೆ: “ಮುತ್ಯಾ, ಹುಲಿ ಕಾಣಲಿಲ್ಲಂದ್ರ ರೊಕ್ಕ ಹಾಳಾಯ್ತಲ್ಲ?”

ಇಲ್ಲ ಮಗು. ಕಾಡು ಸರ್ಕಸ್ ಅಲ್ಲ. ಟಿಕೆಟ್ ಕೊಂಡ ಮಾತ್ರಕ್ಕೆ ಹುಲಿ ಹೊರಗೆ ಬರುವುದಿಲ್ಲ. 1956ರಲ್ಲಿ ಅಭಯಾರಣ್ಯವಾದ ದಾಂಡೇಲಿ ಮತ್ತು ಪಕ್ಕದ ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅದು ಎಷ್ಟು ದಟ್ಟ ಕಾಡೆಂದರೆ ಹತ್ತು ಮಾರು ದೂರದಲ್ಲಿ ನಿಂತ ಪ್ರಾಣಿಯೂ ಕಾಣದೆ ಹೋಗಬಹುದು. ‘ಹುಲಿ ತೋರಿಸಿ’ ಎಂದು ಚಾಲಕರನ್ನು ಪೀಡಿಸಿದರೆ ಆಗುವುದೇನು? ಒಂದು ಪ್ರಾಣಿಯ ಸುತ್ತ ಜೀಪುಗಳು ಮುತ್ತುತ್ತವೆ. ನೀರಿಗೆ ಬಂದ ಪ್ರಾಣಿ ನೀರು ಕುಡಿಯದೆ ಹಿಂದಕ್ಕೆ ಹೋಗುತ್ತದೆ.

ಹುಲಿಯ ಬದಲು ಮೇಲೆ ನೋಡಿ. ದಾಂಡೇಲಿ ಮಂಗಟ್ಟೆ ಹಕ್ಕಿಗಳ ಊರು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಕೂತು, ಬಾಯಿಗೆ ಗೋಡೆ ಕಟ್ಟಿಕೊಳ್ಳುತ್ತದೆ. ಒಂದು ಸಣ್ಣ ಸೀಳು ಮಾತ್ರ ಉಳಿಸುತ್ತದೆ. ಗಂಡು ಹಕ್ಕಿ ವಾರಗಟ್ಟಲೆ ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ತಿಂದ ಹಣ್ಣಿನ ಬೀಜ ದೂರದೂರ ಬಿದ್ದು ಹೊಸ ಮರ ಏಳುತ್ತದೆ. ಜೀಪಿನ ಕುಲುಕಾಟ ಮೊಣಕಾಲಿಗೆ ಆಗದ ಆಯಿಗೂ ಚಿಂತೆ ಬೇಡ. ನದಿಯ ಕಡೆಗಿರುವ ಜಗಲಿಯಲ್ಲಿ ಚಹಾ ಕುಡಿಯುತ್ತ ಕೂತರೆ ಈ ಹಕ್ಕಿಯ ರೆಕ್ಕೆಯ ಸದ್ದು ತಲೆಯ ಮೇಲೆಯೇ ಕೇಳೀತು. ನಾವು ಹಣ ಕೊಡುವುದು ಮೆತ್ತನೆ ಹಾಸಿಗೆಗೆ ಮಾತ್ರವಲ್ಲ, ಇನ್ನೊಬ್ಬರ ಮನೆಯಲ್ಲಿ ಸದ್ದಿಲ್ಲದೆ ಎರಡು ದಿನ ಇರುವುದಕ್ಕೆ.

ಆ ಮನೆಯ ಅಂಚಿನಲ್ಲಿ ಮನುಷ್ಯರೂ ಇದ್ದಾರೆ. ಮೈಸೂರು, ಚಾಮರಾಜನಗರ ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನೇ ನಿಲ್ಲಿಸಲಾಯಿತು. ಪ್ರವಾಸಿಗೆ ಸಂತೋಷ ಕೊಡುವ ಪ್ರಾಣಿ ಹೊಲದವನಿಗೆ ಸಂಕಟ ತರಬಹುದು. ಇದು ನಮಗೆ ಗೊತ್ತಿಲ್ಲದ ಮಾತೇ? ನಮ್ಮ ಸೀಮೆಯಲ್ಲಿ ಚಿಗರಿ ಹಿಂಡು ಹೊಲಕ್ಕೆ ನುಗ್ಗಿದರೆ ಹೆಸರು, ಉದ್ದು, ಸೋಯಾ ಏನಾಗುತ್ತದೆ ಎಂದು ಮುತ್ಯಾನನ್ನು ಕೇಳಿ.

ಇನ್ನು ಸಮುದ್ರ. ದಾಂಡೇಲಿಯಿಂದ ಜೋಯಿಡಾ, ಅಣಶಿ ಘಟ್ಟ ಇಳಿದರೆ ಕಾರವಾರ. ಯುವಕ ರವೀಂದ್ರನಾಥ ಟ್ಯಾಗೋರರು ಕೆಲಕಾಲ ಇದ್ದ ಊರು. ಅಲ್ಲಿನ ಕಡಲತೀರಕ್ಕೆ ಅವರದೇ ಹೆಸರು. ಅಲ್ಲಿಂದ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ದಾಟಿ ಸುಮಾರು 170 ಕಿ.ಮೀ. ದೂರದಲ್ಲಿ ಉಡುಪಿ ಜಿಲ್ಲೆಯ ಮರವಂತೆ. ಅಲ್ಲಿ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ.

ಆದರೆ ಮಳೆಗಾಲದಲ್ಲಿ ಈ ದಾರಿ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಹಲವರು ಜೀವ ಕಳೆದುಕೊಂಡರು. ಮೂರು ವಾರದ ಬಳಿಕ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ದಸರಾ ಕಳೆದ ಮೇಲೆ ಬೇಸಿಗೆಯ ಒಳಗೆ ಹೊರಡಿ. ಸಫಾರಿ ಇದೆಯೇ ಎಂದು ಮೊದಲೇ ವಿಚಾರಿಸಿ. ಅಲೆ ಜೋರಿದ್ದರೆ ನೀರಿಗಿಳಿಯಬೇಡಿ. ಕೆರೆಯಲ್ಲಿ ಈಜು ಬಲ್ಲವರಿಗೂ ಸಮುದ್ರ ಬೇರೆಯೇ.

ಕಾರವಾರದ ಮರಳಿನ ಮೇಲೆ ನಿಂತಾಗ ಒಂದು ಮಾತು ನೆನಪಿರಲಿ. ನಮ್ಮೂರ ನೀರು ಈ ಸಮುದ್ರಕ್ಕೆ ಬರುವುದಿಲ್ಲ. ಭಾಲ್ಕಿಯ ಕಾರಂಜಾ ಮಾಂಜ್ರಾ ಸೇರುತ್ತದೆ, ಮಾಂಜ್ರಾ ಗೋದಾವರಿ ಸೇರುತ್ತದೆ, ಗೋದಾವರಿ ಪೂರ್ವದ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ರಾಜ್ಯದ ನೀರು, ಎರಡು ಸಮುದ್ರದ ದಾರಿ!

ಈ ವರ್ಷ ಅಷ್ಟು ದೂರ ಹೋಗಲು ಆಗದಿದ್ದರೆ ಬೇಸರ ಬೇಡ. ಬೀದರ್ ಹತ್ತಿರದ ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯ, ವಿಲಾಸಪುರ ಕೆರೆಯ ಕಡೆ ಕೃಷ್ಣಮೃಗಗಳಿವೆ. ನಮ್ಮ ಚಿಗರಿ ಎಂದರೆ ಇದೇ. ಜಂಗಲ್ ಲಾಡ್ಜಸ್ ಸಂಸ್ಥೆ ವಿಲಾಸಪುರದಲ್ಲಿ ಇದರ ಹೆಸರಿನಲ್ಲೇ ವಸತಿಧಾಮ ತೆರೆದಿದೆ. ಗಂಡಿಗೆ ವಯಸ್ಸಾದಂತೆ ಮೈ ಕಪ್ಪಾಗುತ್ತದೆ, ಕೊಂಬು ಸುರುಳಿ ಸುತ್ತುತ್ತದೆ. ಹೆಣ್ಣು ಗೋಧಿ ಬಣ್ಣದ್ದು.

ಈ ವಾರದ ಕೆಲಸ ಹೇಳಲೇ? ಒಂದು ಮುಂಜಾನೆ ಮುತ್ಯಾನ ಜೊತೆ ಊರ ಹೊರಗೆ ಹೋಗಿ, ಹತ್ತು ನಿಮಿಷ ಮಾತಾಡದೆ, ಮೊಬೈಲ್ ತೆಗೆಯದೆ ಕೂತುಕೊಳ್ಳಿ. ಕಂಡ ಹಕ್ಕಿ, ಪ್ರಾಣಿಗಳನ್ನು ಎಣಿಸಿ. ಅವುಗಳಿಗೆ ನಮ್ಮ ಕಡೆಯ ಹೆಸರೇನೆಂದು ಮುತ್ಯಾ ಹೇಳಲಿ, ನೀವು ಬರೆದುಕೊಳ್ಳಿ. ಹಾಗೆ ಹತ್ತು ನಿಮಿಷ ಸುಮ್ಮನೆ ಕೂರಲು ಕಲಿತ ಮಗು ನಾಳೆ ಯಾವ ಕಾಡಿಗೆ ಹೋದರೂ ಒಳ್ಳೆಯ ಅತಿಥಿ.