ಹೆದ್ದಾರಿ ಬಂದರೆ ಊರಿನ ಸಂತೆಗೆ ಲಾಭವೇ?



‘ರಸ್ತೆ ದೊಡ್ಡದಾದರೆ ನಮ್ಮ ಮಾಲಿಗೆ ಬೆಲೆ ಬರುತ್ತದೆಯೇ ಸ್ವಾಮಿ?’ ಹೆಮ್ಮರಗಾಲದ ಕಡೆ ಹೋದಾಗಲೆಲ್ಲ ರೈತರು ಈ ಪ್ರಶ್ನೆ ಕೇಳುತ್ತಾರೆ. ರಸ್ತೆ ದೊಡ್ಡದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಆ ರಸ್ತೆಗೆ ನಮ್ಮ ಗಾಡಿ ಹತ್ತುವಂತಿರಬೇಕು, ಅಲ್ಲಿ ಓಡಾಡುವ ಗಿರಾಕಿ ನಮ್ಮ ಊರಿಗೆ ಇಳಿಯುವಂತಿರಬೇಕು.

ನಮ್ಮ ಭಾಗದ ರಾಷ್ಟ್ರೀಯ ಹೆದ್ದಾರಿ 766 ಕೋಳಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರಗಳ ಮೂಲಕ ಕೊಳ್ಳೇಗಾಲ ಸೇರುತ್ತದೆ. ಒಂದು ಸಂಗತಿಯನ್ನು ಗಮನಿಸಿ. ನಂಜನಗೂಡು, ನರಸೀಪುರ ಎರಡೂ ಕಪಿಲೆಯ ದಡದ ಊರುಗಳು. ನದಿ ಅವನ್ನು ನೇರವಾಗಿ ಕೂಡಿಸುತ್ತದೆ, ಹೆದ್ದಾರಿಯಾದರೋ ಮೈಸೂರನ್ನು ಬಳಸಿ ಕೂಡಿಸುತ್ತದೆ. ನದೀ ತೀರದ ರೈತನಿಗೆ ಈ ಎರಡು ಪೇಟೆಗಳ ನಡುವಿನ ಒಳರಸ್ತೆ ಹೆದ್ದಾರಿಯಷ್ಟೇ ಮುಖ್ಯ.

ಈ ಪೇಟೆಗಳು ಬೆಳೆದದ್ದು ದೇವಸ್ಥಾನ, ನದಿ ದಾಟುವ ದಾರಿ ಮತ್ತು ಸಂತೆಗಳಿಂದ. ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿ ಇದೆ, ಕಪಿಲೆಗೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ. ಒಂದು ಕಾಲದಲ್ಲಿ ಈ ಸೇತುವೆಯ ಮೇಲೆ ಗಾಡಿಯೂ ರೈಲೂ ಓಡುತ್ತಿದ್ದವು. ನರಸೀಪುರದಲ್ಲಿ ಕಾವೇರಿ ಕಪಿಲೆಯರ ಸಂಗಮ. ಅದೇ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿಗೆಲ್ಲ ಬರುವ ಯಾತ್ರಿಕ ಹೂವು, ಹಣ್ಣು, ಎಳನೀರು ಕೊಳ್ಳುತ್ತಾನೆ. ಹೆಸರಾಂತ ನಂಜನಗೂಡು ರಸಬಾಳೆಯನ್ನು ಕೇಳಿ ಪಡೆಯುವವನೂ ಅವನೇ.

ಹೆದ್ದಾರಿ ಊರನ್ನು ಬಿಟ್ಟು ಹೊರಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು–ಮೈಸೂರು ರಸ್ತೆಯೇ ಉದಾಹರಣೆ. ಇದು 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಪ್ರಯಾಣದ ಕಾಲ ಅರ್ಧದಷ್ಟು ಉಳಿಯಿತು, ರಾಮನಗರ, ಮಂಡ್ಯ ಪೇಟೆಗಳೊಳಗೆ ಲಾರಿಗಳ ನೂಕುನುಗ್ಗಲೂ ತಗ್ಗಿತು. ಇವು ನಿಜವಾದ ಲಾಭಗಳೇ. ಆದರೆ ಚನ್ನಪಟ್ಟಣದ ಬೊಂಬೆಯ ಅಂಗಡಿ, ಮದ್ದೂರಿನ ವಡೆಯ ಹೋಟೆಲು, ದಾರಿ ಬದಿಯ ಎಳನೀರಿನವನು, ಎಲ್ಲರಿಗೂ ಗಿರಾಕಿ ಕಡಿಮೆಯಾದರು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಯ ಮೇಲೆ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ನಿಷೇಧ ಬಂತು. ರೈತನ ಪಾಲಿಗೆ ಉಳಿದದ್ದು ಪಕ್ಕದ ಸರ್ವೀಸ್ ರಸ್ತೆ.

ಉದ್ಘಾಟನೆಯಾದ ವಾರದೊಳಗೇ ರಾಮನಗರದ ಬಳಿ ಮಳೆನೀರು ರಸ್ತೆಯ ಮೇಲೆ ನಿಂತಿತು. ಹೊಲಗಳಿಗೆ ಹತ್ತಿರದ ದಾರಿ ಮಾಡಿಕೊಳ್ಳಲು ಹಳ್ಳಿಯವರು ಚರಂಡಿಗೆ ಮಣ್ಣು ತುಂಬಿದ್ದೇ ಕಾರಣವೆಂದು ಹೆದ್ದಾರಿ ಪ್ರಾಧಿಕಾರ ಹೇಳಿತು. ಚರಂಡಿ ಮುಚ್ಚುವುದು ತಪ್ಪೇ. ಆದರೆ ಹೊಲಕ್ಕೆ ಹೋಗುವ ದಾರಿಯನ್ನು ನಕ್ಷೆಯಲ್ಲೇ ತೋರಿಸಿದ್ದರೆ ಯಾರೂ ಮಣ್ಣು ತುಂಬುವ ಪ್ರಸಂಗ ಬರುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ.

ಆದ್ದರಿಂದ ನಮ್ಮ ಕಡೆ ರಸ್ತೆ ಅಗಲ ಮಾಡುವ ಅಥವಾ ಬೈಪಾಸು ತೆಗೆಯುವ ಮಾತು ಬಂದರೆ, ‘ಬೇಕು’, ‘ಬೇಡ’ ಎಂದು ಎರಡು ಪಂಗಡವಾಗುವ ಮೊದಲು ಈ ಅಂಶಗಳನ್ನು ಗ್ರಾಮಸಭೆಯಲ್ಲಿ ಬರೆಸಿ ಕಳುಹಿಸಿ:

1. ಹುಲ್ಲು ಹೇರಿದ ಟ್ರ್ಯಾಕ್ಟರು ತಾಗದಷ್ಟು ಎತ್ತರದ ಕೆಳಸೇತುವೆ ಮತ್ತು ಎರಡೂ ಬದಿ ಸರ್ವೀಸ್ ರಸ್ತೆ.

2. ಕಬಿನಿ ನಾಲೆಯ ತೂಬು, ಹಂಚುಗಾಲುವೆ, ಬಸಿಗಾಲುವೆ ಇರುವ ಕಡೆಗಳಲ್ಲೆಲ್ಲ ಮೋರಿ. ರಸ್ತೆಯ ಏರಿ ನೀರನ್ನು ತಡೆದರೆ ಮೇಲಿನ ಗದ್ದೆ ಜವುಗಾಗುತ್ತದೆ, ಕೆಳಗಿನದು ಒಣಗುತ್ತದೆ.

3. ಪೇಟೆಗೆ ಇಳಿಯುವ ದಾರಿ, ಅಲ್ಲಿ ಊರಿನ ಮತ್ತು ದೇವಸ್ಥಾನದ ಹೆಸರಿನ ಫಲಕ. ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯಂಥ ಒಳಗಿನ ಕ್ಷೇತ್ರಗಳಿಗೆ ಇದು ಅಗತ್ಯ.

ಜಮೀನು ಹೋಗುವವರಿಗೆ ಒಂದು ಎಚ್ಚರಿಕೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯಂತೆ ಮೊದಲ ಅಧಿಸೂಚನೆ ಹೊರಟ ಮೇಲೆ ಆಕ್ಷೇಪಣೆ ಸಲ್ಲಿಸಲು ಇರುವುದು 21 ದಿನ ಮಾತ್ರ. ಸತ್ತವರ ಹೆಸರಿನಲ್ಲೇ ಪಹಣಿ ಇದ್ದರೆ ಆ ಅವಧಿಯಲ್ಲಿ ಪರದಾಡಬೇಕಾದೀತು. ಪೌತಿ ಖಾತೆ, ಪೋಡಿ ಈಗಲೇ ಮಾಡಿಸಿ. ಅಳತೆಗೆ ಬಂದವರು ತೆಂಗಿನ ಮರ, ಬಾವಿ, ಪಂಪ್‌ಸೆಟ್ ಎಲ್ಲವನ್ನೂ ಪಟ್ಟಿಗೆ ಸೇರಿಸಿದ್ದಾರೆಯೇ ನೋಡಿಕೊಳ್ಳಿ. ಸುತ್ತಮುತ್ತಲ ಕ್ರಯಪತ್ರಗಳ ಬೆಲೆಯೂ ಪರಿಹಾರಕ್ಕೆ ಆಧಾರವಾಗುವುದರಿಂದ, ನೋಂದಣಿ ಖರ್ಚು ಉಳಿಸಲು ಬೆಲೆ ಇಳಿಸಿ ಬರೆಸುವ ಅಭ್ಯಾಸ ಇಡೀ ಊರಿಗೆ ನಷ್ಟ ತರುತ್ತದೆ. ಮೊತ್ತ ಒಪ್ಪಿಗೆಯಾಗದಿದ್ದರೆ ಕಾಯಿದೆಯಂತೆ ಮಧ್ಯಸ್ಥಗಾರರ ಮುಂದೆ ಹೋಗಬಹುದು.

ರಸ್ತೆ ಹಾಕಿದ ಮೇಲೆ ಮೋರಿ ಕೇಳಿದರೆ ವರ್ಷಗಟ್ಟಲೆ ಓಡಾಡಬೇಕು. ನಕ್ಷೆಯ ಹಂತದಲ್ಲಿ ಕೇಳಿದರೆ ಅದು ಕಾಗದದ ಮೇಲಿನ ಒಂದು ಗೆರೆಯ ಕೆಲಸ. ಈ ವಾರ ವಾಚನಾಲಯದಲ್ಲಿ ಸೇರಿದಾಗ ನಿಮ್ಮ ಊರಿನ ಹೊಲದ ದಾರಿ, ತೂಬುಗಳನ್ನು ಒಂದು ಹಾಳೆಯ ಮೇಲೆ ಗುರುತು ಮಾಡಿಡಿ. ಅಧಿಕಾರಿಗಳು ಬಂದ ದಿನ ಆ ಹಾಳೆ ನಿಮ್ಮ ಕೈಯಲ್ಲಿರಲಿ.