ಅರಸೀಕೆರೆ ಸೀಮೆಯ ಇಬ್ಬರು ವೇಗದ ಬೌಲರುಗಳು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಕಣ್ತುಂಬ ನೋಡಿದ ಯಾತ್ರಿಕರು ಸಾಮಾನ್ಯವಾಗಿ ಬೇಲೂರಿನ ಕಡೆಗೆ ಹೊರಳುತ್ತಾರೆ. ಬಾಣಾವರದ ದಿಕ್ಕಿಗೆ ಹೊರಡುವವರು ವಿರಳ. ಆ ಹಾದಿಯಲ್ಲಿ ಸಿಕ್ಕುವ ಜಾವಗಲ್ಲಿನಲ್ಲಿಯೂ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವೊಂದಿದೆ. ಮಾದಿಹಳ್ಳಿ, ಹಳೇಬೀಡುಗಳು ಬೇಲೂರು ತಾಲ್ಲೂಕಿಗೆ ಸೇರಿದರೆ ಜಾವಗಲ್ ಸೇರಿರುವುದು ನೆರೆಯ ಅರಸೀಕೆರೆ ತಾಲ್ಲೂಕಿಗೆ. ರಾಗಿ, ತೆಂಗುಗಳ ಈ ಸೀಮೆಯ ಪುಟ್ಟ ಊರಿನ ಹೆಸರು 1991ರಿಂದ 2003ರವರೆಗೆ ಕ್ರಿಕೆಟ್ ಆಡುವ ದೇಶಗಳಲ್ಲೆಲ್ಲ ಮೊಳಗಿತು. ‘ಜಾವಗಲ್ ಶ್ರೀನಾಥ್’ ಎಂದು ಉದ್ಗರಿಸಿದ ವಿದೇಶೀ ವಿವರಣೆಗಾರರು ‘ಜಾವಗಲ್’ ಎಂಬುದನ್ನು ಆಟಗಾರನ ಸ್ವಂತ ಹೆಸರೆಂದೇ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಹೆಸರಿನ ಜೊತೆಯಲ್ಲಿ ಹಿರಿಯರ ಊರನ್ನೂ ಹೊತ್ತು ನಡೆಯುವುದು ಕನ್ನಡ ನಾಡಿನ ವಾಡಿಕೆಯೆಂದು ಅವರಿಗೆ ಹೇಗೆ ತಿಳಿಯಬೇಕು?

ಇದೇ ತಾಲ್ಲೂಕು ಮತ್ತೊಬ್ಬ ವೇಗದ ಬೌಲರನನ್ನೂ ಭಾರತಕ್ಕೆ ಕೊಟ್ಟಿತು. ಡೇವಿಡ್ ಜಾನ್ಸನ್ ಹುಟ್ಟಿದ್ದು 1971ರ ಅಕ್ಟೋಬರ್ 16ರಂದು, ರೈಲ್ವೆ ಜಂಕ್ಷನ್ನಿನಿಂದ ಹೆಸರಾದ ಅರಸೀಕೆರೆ ಪಟ್ಟಣದಲ್ಲಿ. ಒಂದೇ ಸೀಮೆಯೊಡನೆ ನಂಟುಳ್ಳ ಈ ಇಬ್ಬರೂ ಒಂದೇ ರಾಜ್ಯಕ್ಕೆ ಆಡಿದರು. ಒಂದೇ ಕಾಲದಲ್ಲಿ ದೇಶದ ಟೋಪಿಯನ್ನು ಧರಿಸಿದರು. ಒಬ್ಬರ ಲೆಕ್ಕದಲ್ಲಿ 236 ಟೆಸ್ಟ್ ವಿಕೆಟ್ಟುಗಳಿವೆ. ಇನ್ನೊಬ್ಬರ ಲೆಕ್ಕದಲ್ಲಿ ಮೂರು. ಈ ಅಂತರವನ್ನು ಪ್ರತಿಭೆಯ ಅಂತರವೆಂದಷ್ಟೇ ಎಣಿಸಿ ಪುಟ ಮಗುಚುವುದು ಸುಲಭ. ಆದರೆ ಇಬ್ಬರ ಆರಂಭದ ವರ್ಷಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ವೇಗದ ಬೌಲರನ ಬಾಳಿನಲ್ಲಿ ಸಕಾಲಕ್ಕೆ ಸಿಕ್ಕುವ ಅವಕಾಶದ ಪಾಲು ಎಷ್ಟೆಂಬುದು ಮನದಟ್ಟಾಗುತ್ತದೆ.

ಕರ್ನಾಟಕವು ಬಹುಕಾಲ ಸ್ಪಿನ್ ಬೌಲಿಂಗಿನ ತವರೆನಿಸಿತ್ತು. ಎರಪಳ್ಳಿ ಪ್ರಸನ್ನ, ಬಿ. ಎಸ್. ಚಂದ್ರಶೇಖರ್ ಅವರಂಥವರು ಚೆಂಡು ತಿರುಗಿಸಿ ಪಂದ್ಯಗಳನ್ನು ಗೆದ್ದುಕೊಡುತ್ತಿದ್ದ ಕಾಲದಲ್ಲಿ, ಹೊಸ ಚೆಂಡು ಹಿಡಿದವರಿಂದ ಅದರ ಹೊಳಪನ್ನು ಕಳೆಯುವುದಕ್ಕಿಂತ ಹೆಚ್ಚಿನದೇನನ್ನೂ ಭಾರತ ತಂಡ ನಿರೀಕ್ಷಿಸುತ್ತಿರಲಿಲ್ಲ. ಸುನಿಲ್ ಗಾವಸ್ಕರ್ ಅವರಂಥ ದಾಂಡಿಗರೇ ಬೌಲಿಂಗ್ ಆರಂಭಿಸಿದ್ದೂ ಉಂಟು. 1978ರಲ್ಲಿ ಹರಿಯಾಣದ ಕಪಿಲ್ ದೇವ್ ಟೆಸ್ಟ್ ರಂಗಕ್ಕಿಳಿದ ಮೇಲೆಯೇ ಭಾರತದ ಹುಡುಗನೂ ವೇಗದ ಬೌಲರನಾಗಬಹುದೆಂಬ ಆಸೆ ಬೇರೂರಿದ್ದು.

ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ, 1969ರ ಆಗಸ್ಟ್ 31ರಂದು. ಓದಿದ್ದು ಮರಿಮಲ್ಲಪ್ಪ ಪ್ರೌಢಶಾಲೆಯಲ್ಲಿ. ಬಳಿಕ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಮಧ್ಯಮ ವರ್ಗದ ಮನೆಗಳಲ್ಲಿ ಇಂಜಿನಿಯರಿಂಗ್ ಪದವಿಗೆ ಎಂಥ ಬೆಲೆಯಿದೆಯೆಂಬುದನ್ನು ಹೇಳಬೇಕಾಗಿಲ್ಲ. 1962ರಲ್ಲಿ ಟೆಸ್ಟ್ ಆಡಲಾರಂಭಿಸಿದ ಪ್ರಸನ್ನ ಅವರು ಇದೇ ವಿದ್ಯೆಯನ್ನು ಪೂರೈಸುವ ಸಲುವಾಗಿ ಐದು ವರ್ಷ ಟೆಸ್ಟ್ ಕ್ರಿಕೆಟಿನಿಂದ ದೂರ ಉಳಿದಿದ್ದರು. ಸ್ಪಿನ್ ಬೌಲರನಿಗೆ ಅಂಥ ವಿರಾಮ ಹೇಗೋ ಸಹ್ಯವಾದೀತು. ಮೂವತ್ತು ದಾಟಿದ ಮೇಲೂ ಅವನ ಕೈಚಳಕ ಮಾಗುತ್ತ ಹೋಗುತ್ತದೆ. ವೇಗದ ಬೌಲರನ ಬಂಡವಾಳವಾದರೋ ಬೆನ್ನು, ಭುಜ, ಮೊಣಕಾಲುಗಳ ಕಸುವು. ಓಡಿ ಬಂದು ಚೆಂಡನ್ನು ಬಿಡುವ ಗಳಿಗೆಯಲ್ಲಿ ಮುಂದಿನ ಪಾದ ನೆಲಕ್ಕಪ್ಪಳಿಸಿದಾಗ ದೇಹದ ತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಇಪ್ಪತ್ತೆರಡರ ಹರೆಯದ ವೇಗವನ್ನು ಕೂಡಿಟ್ಟು ಮೂವತ್ತೆರಡರಲ್ಲಿ ಖರ್ಚುಮಾಡಲು ಬಾರದು.

ಕ್ಲಬ್ ಪಂದ್ಯವೊಂದರಲ್ಲಿ ಈ ನೀಳಕಾಯದ ಯುವಕನನ್ನು ಕಂಡು ಮೆಚ್ಚಿದವರು ಗುಂಡಪ್ಪ ವಿಶ್ವನಾಥ್. ಅವರ ಕಣ್ಣು ಸುಳ್ಳಾಗಲಿಲ್ಲ. 1989–90ರ ಋತುವಿನಲ್ಲಿ ಹೈದರಾಬಾದ್ ತಂಡದ ವಿರುದ್ಧ ಕರ್ನಾಟಕದ ಪರವಾಗಿ ಆಡಿದ ಮೊತ್ತಮೊದಲ ರಣಜಿ ಪಂದ್ಯದಲ್ಲಿಯೇ ಶ್ರೀನಾಥ್ ಸತತ ಮೂರು ಎಸೆತಗಳಲ್ಲಿ ಮೂರು ವಿಕೆಟ್ಟುಗಳನ್ನು ಉರುಳಿಸಿ ಹ್ಯಾಟ್ರಿಕ್ ಸಾಧಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ, 1991ರ ಅಕ್ಟೋಬರಿನಲ್ಲಿ, ಶಾರ್ಜಾದಲ್ಲಿ ಪಾಕಿಸ್ತಾನದೆದುರು ಏಕದಿನ ಪಂದ್ಯವಾಡಿದರು. ನವೆಂಬರ್ ಕೊನೆಯಲ್ಲಿ ಬ್ರಿಸ್ಬೇನ್ ನಗರದಲ್ಲಿ ಆಸ್ಟ್ರೇಲಿಯದೆದುರು ಮೊದಲ ಟೆಸ್ಟ್. ಅಲ್ಲಿ 59 ರನ್ನಿಗೆ ಮೂರು ವಿಕೆಟ್ಟುಗಳು ಬಂದವಾದರೂ ಆ ಪ್ರವಾಸದ ಐದು ಟೆಸ್ಟುಗಳಿಂದ ದೊರೆತದ್ದು ಹತ್ತೇ ವಿಕೆಟ್ಟು. ಕಲಿಯುವ ಕಾಲದ ಆ ಬೆಲೆಯನ್ನು ತೆತ್ತ ಮೇಲೆ, 1993ರ ಜನವರಿಯಲ್ಲಿ ಕೇಪ್‌ಟೌನಿನಲ್ಲಿ 27 ಓವರುಗಳನ್ನು ಎಸೆದು ಕೇವಲ 33 ರನ್ ಕೊಟ್ಟು ನಾಲ್ವರನ್ನು ಮರಳಿ ಕಳುಹಿಸಿದರು.

ಇಷ್ಟಾದ ಬಳಿಕ ಸ್ವದೇಶದಲ್ಲಿ ಅವರಿಗೆ ಕೆಂಪು ಕಂಬಳಿಯ ಸ್ವಾಗತ ಕಾದಿರಬೇಕೆಂದು ಯಾರಾದರೂ ಊಹಿಸಿಯಾರು. ನಡೆದದ್ದು ಬೇರೆ. 1993ರ ಜನವರಿಯಿಂದ 1994ರ ಫೆಬ್ರವರಿಯವರೆಗೆ ಇಂಗ್ಲೆಂಡ್, ಜಿಂಬಾಬ್ವೆ, ಶ್ರೀಲಂಕಾ ತಂಡಗಳ ವಿರುದ್ಧ ಭಾರತ ತನ್ನ ನೆಲದಲ್ಲಿ ಏಳು ಟೆಸ್ಟುಗಳನ್ನಾಡಿತು. ಏಳರಲ್ಲಿ ಒಂದಕ್ಕೂ ಶ್ರೀನಾಥ್ ಅವರನ್ನು ಕಣಕ್ಕಿಳಿಸಲಿಲ್ಲ. ಹೊಸ ಚೆಂಡಿಗೆ ಕಪಿಲ್ ದೇವ್ ಮತ್ತು ಮನೋಜ್ ಪ್ರಭಾಕರ್. ತಿರುಗುವ ನೆಲದಲ್ಲಿ ಅನಿಲ್ ಕುಂಬ್ಳೆ, ರಾಜೇಶ್ ಚೌಹಾಣ್, ವೆಂಕಟಪತಿ ರಾಜು. ಮತ್ತೊಬ್ಬ ವೇಗದ ಬೌಲರನಿಗೆ ಎಡೆಯೆಲ್ಲಿ? ಕಪಿಲ್ ಅವರು ವಿಶ್ವದಾಖಲೆಯ 432ನೆಯ ವಿಕೆಟ್ಟನ್ನು ಅಹಮದಾಬಾದಿನಲ್ಲಿ ಗಳಿಸಿದ್ದೂ ಇದೇ ಅವಧಿಯಲ್ಲಿ. ದೂರಲು ಕೂಡ ಆಸ್ಪದವಿರಲಿಲ್ಲ. ಏಕೆಂದರೆ ಆ ಏಳು ಟೆಸ್ಟುಗಳನ್ನೂ ಭಾರತ ಗೆದ್ದಿತು! ಗೆಲ್ಲುವ ತಂಡವನ್ನು ಕದಲಿಸಬಾರದೆಂಬ ನೀತಿ ತಪ್ಪೆನ್ನುವಂತಿಲ್ಲ. ಆದರೆ ಅದರ ಬೆಲೆಯಾಗಿ, ಬ್ರಿಸ್ಬೇನಿನಲ್ಲಿ ಇಪ್ಪತ್ತೆರಡು ವರ್ಷದವರಾಗಿದ್ದ ಶ್ರೀನಾಥ್ ಸ್ವದೇಶದ ಮೊದಲ ಟೆಸ್ಟ್ ಕಾಣುವಾಗ ಇಪ್ಪತ್ತೈದು ತುಂಬಿದ್ದರು.

1994ರಲ್ಲಿ ಕಪಿಲ್ ನಿವೃತ್ತರಾದರು. ಆ ನವೆಂಬರಿನಲ್ಲಿ ಮುಂಬಯಿಯಲ್ಲಿ ವೆಸ್ಟ್ ಇಂಡೀಸಿನೆದುರು ಕರೆ ಬಂದಾಗ ಶ್ರೀನಾಥ್ ಐದು ವಿಕೆಟ್ಟುಗಳನ್ನು ಪಡೆದುದಲ್ಲದೆ ಬ್ಯಾಟ್ ಹಿಡಿದು 60 ರನ್ನುಗಳನ್ನೂ ಕೂಡಿಸಿಕೊಟ್ಟರು, ಭಾರತ ಗೆದ್ದಿತು. ಮರುವರ್ಷ ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಕೌಂಟಿಯ ಪರವಾಗಿ ಆಡಿ 87 ವಿಕೆಟ್ಟುಗಳನ್ನು ಸಂಪಾದಿಸಿದರು. ಕಾದು ಕುಳಿತ ಕಾಲವನ್ನು ಅವರು ನಿಷ್ಫಲಗೊಳಿಸಿಕೊಂಡಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಇತ್ತ ಜಾನ್ಸನ್ ರಣಜಿ ಪಂದ್ಯಗಳಲ್ಲಿ ಮೇಲೇರತೊಡಗಿದ್ದರು. ಶ್ರೀನಾಥ್, ವೆಂಕಟೇಶ್ ಪ್ರಸಾದ್ ಅವರಂಥ ಬೌಲರುಗಳಿದ್ದ ಕರ್ನಾಟಕ ತಂಡದಲ್ಲಿ ಸ್ಥಾನ ಪಡೆಯುವುದೇ ದೊಡ್ಡ ಪರೀಕ್ಷೆ. 1995–96ರ ಋತುವಿನಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ 152 ರನ್ನಿಗೆ ಹತ್ತು ವಿಕೆಟ್ಟುಗಳನ್ನು ಕಿತ್ತಾಗ ಆಯ್ಕೆಗಾರರ ದೃಷ್ಟಿ ಇವರತ್ತ ಹೊರಳಿತು. ಚೆಂಡಿನ ವೇಗವೊಂದನ್ನೇ ತೂಗುವುದಾದರೆ ಅಂದಿನ ಭಾರತದಲ್ಲಿ ಜಾನ್ಸನ್ನರಿಗೆ ಸರಿಗಟ್ಟುವವರು ಹೆಚ್ಚು ಮಂದಿ ಇರಲಿಲ್ಲ.

ವಿಧಿಯ ಸ್ವಾರಸ್ಯ ನೋಡಿ: ಅವರಿಗೆ ಬಾಗಿಲು ತೆರೆದದ್ದು ನೆರೆಯೂರಿನ ನಂಟಿನ ಶ್ರೀನಾಥರ ಗಾಯದಿಂದಲೇ. 1996ರ ಅಕ್ಟೋಬರ್ 10ರಂದು ದೆಹಲಿಯಲ್ಲಿ ಆಸ್ಟ್ರೇಲಿಯದೆದುರು ಟೆಸ್ಟ್ ಆರಂಭವಾದಾಗ ಶ್ರೀನಾಥರ ಜಾಗದಲ್ಲಿ ಹೊಸ ಚೆಂಡು ಜಾನ್ಸನ್ನರ ಕೈಗೆ ಬಂದಿತು. ಆಗಿನ್ನೂ ಅವರಿಗೆ ಇಪ್ಪತ್ತೈದು ತುಂಬಲು ಆರು ದಿನ ಬಾಕಿ. ಎರಡನೆಯ ಇನ್ನಿಂಗ್ಸಿನಲ್ಲಿ ಮೈಕೇಲ್ ಸ್ಲೇಟರ್ ಬೀಸಿದ ಬ್ಯಾಟಿನ ಅಂಚಿಗೆ ತಾಗಿ ಚಿಮ್ಮಿದ ಚೆಂಡನ್ನು ಅಜರುದ್ದೀನ್ ಸ್ಲಿಪ್ಪಿನಲ್ಲಿ ಹಿಡಿದರು. ಅದು ಜಾನ್ಸನ್ನರ ಮೊದಲ ಟೆಸ್ಟ್ ವಿಕೆಟ್ಟು.

ನವೆಂಬರಿನಲ್ಲಿ ಶ್ರೀನಾಥ್ ಮರಳಿದರು. ಅಹಮದಾಬಾದಿನಲ್ಲಿ 170 ರನ್ನುಗಳ ಬೆನ್ನುಹತ್ತಿದ ದಕ್ಷಿಣ ಆಫ್ರಿಕವನ್ನು 105ಕ್ಕೆ ಕಟ್ಟಿಹಾಕಿದಾಗ ಅವರ ಪಾಲು 21 ರನ್ನಿಗೆ ಆರು ವಿಕೆಟ್ಟು. ಡಿಸೆಂಬರ್ ಕೊನೆಯಲ್ಲಿ, ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ, ಇಬ್ಬರೂ ಒಂದೇ ಟೆಸ್ಟ್ ತಂಡದಲ್ಲಿ ಕೂಡಿದರು. ಕುಂಬ್ಳೆ, ಪ್ರಸಾದ್, ರಾಹುಲ್ ದ್ರಾವಿಡ್ ಅವರೊಡನೆ ಇವರಿಬ್ಬರೂ ಸೇರಿ ಹನ್ನೊಂದು ಮಂದಿಯಲ್ಲಿ ಐವರು ಕರ್ನಾಟಕದವರು! ಆದರೆ ಭಾರತ 100 ಮತ್ತು 66 ರನ್ನುಗಳಿಗೆ ಕುಸಿಯಿತು. ಜಾನ್ಸನ್ ಹರ್ಷೆಲ್ ಗಿಬ್ಸ್ ಮತ್ತು ಬ್ರಯಾನ್ ಮೆಕ್‌ಮಿಲನ್ ಅವರ ವಿಕೆಟ್ಟುಗಳನ್ನು ಪಡೆದರು. ವೇಗವಿತ್ತು, ಗುರಿಯ ಮೇಲಿನ ಹಿಡಿತ ಇನ್ನೂ ಕೂಡಿಬರಬೇಕಾಗಿತ್ತು. ಅದನ್ನು ಕಲಿಯಲು ಮೂರನೆಯ ಟೆಸ್ಟ್ ಅವರಿಗೆ ಎಂದೂ ದೊರೆಯಲಿಲ್ಲ.

ಶ್ರೀನಾಥರ ದಾರಿಯೂ ಹೂವಿನದಾಗಿರಲಿಲ್ಲ. 1997ರಲ್ಲಿ ಭುಜ ಕೈಕೊಟ್ಟು ಶಸ್ತ್ರಚಿಕಿತ್ಸೆಯಾಯಿತು. ಮರಳಿ ಬಂದು, 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದೆದುರು 13 ವಿಕೆಟ್ಟುಗಳನ್ನು ಗಳಿಸಿದರೂ ಭಾರತ ಸೋತಿತು. 2003ರ ವಿಶ್ವಕಪ್ಪಿನ ಬಳಿಕ ಬೂಟು ಕಳಚಿ, 2006ರಿಂದ ಅಂತಾರಾಷ್ಟ್ರೀಯ ಪಂದ್ಯಗಳ ರೆಫರಿಯಾದರು. ಜಾನ್ಸನ್ ಕರ್ನಾಟಕಕ್ಕಾಗಿ ದುಡಿಯುತ್ತ ಪ್ರಥಮ ದರ್ಜೆಯ 39 ಪಂದ್ಯಗಳಲ್ಲಿ 125 ವಿಕೆಟ್ಟುಗಳನ್ನು ಗಳಿಸಿದರು. 2024ರ ಜೂನ್ 20ರಂದು ಬೆಂಗಳೂರಿನಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಬ್ರಿಸ್ಬೇನಿನ ಮೊದಲ ಟೆಸ್ಟಿನಲ್ಲಿ ಶ್ರೀನಾಥರಿಗೆ ಒಂದು ಇನ್ನಿಂಗ್ಸಿನಲ್ಲಿ ದೊರೆತದ್ದು ಮೂರು ವಿಕೆಟ್ಟು. ಜಾನ್ಸನ್ನರಿಗೆ ಎರಡು ಟೆಸ್ಟುಗಳಿಂದ ದೊರೆತದ್ದೂ ಮೂರೇ. ಆಸ್ಟ್ರೇಲಿಯದಲ್ಲಿ ಸೊರಗಿದ ಶ್ರೀನಾಥರನ್ನು ತಂಡ ಕೈಬಿಡಲಿಲ್ಲ. ಕೇಪ್‌ಟೌನಿನ ಆ ದಿನ ಬಂದದ್ದು ಅದರಿಂದಲೇ. ಜಾನ್ಸನ್ನರ ಪಾಲಿಗೆ ಅಂಥ ದಿನ ಬರುತ್ತಿತ್ತೋ ಇಲ್ಲವೋ, ಹೇಳಲು ಯಾರಿಂದಲೂ ಆಗದು. ಮನೆಯಲ್ಲಿ ಬೌಲರನೊಬ್ಬ ಬೆಳೆಯುತ್ತಿರುವ ತಂದೆತಾಯಿಗಳೂ, ಅಂಥವರನ್ನು ಆರಿಸುವ ಹಿರಿಯರೂ, 236ರ ಪಕ್ಕದಲ್ಲಿ ಆ ಮೂರನ್ನೂ ನೆನಪಿನಲ್ಲಿಡುವುದು ಒಳ್ಳೆಯದು.